ಆ ಹೂವಿಗೆ ಹೆಸರಿಲ್ಲವೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಸಂತದ ಮೇಲೆ 9 ಕವಿತೆ ಹಾಕಿದ್ದೀರಿ. ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ಕೋಗಿಲೆ 6 ಕವಿತೆಗಳಲ್ಲಿ ಕೂಗಿದೆ. ದುಂಬಿ 5 ಕವಿತೆಗಳಲ್ಲಿ ಹಾರಿದೆ. ಹೂ, ಸುಮ, ಕುಸುಮ, ಪುಷ್ಪ ಎಲ್ಲ ಸೇರಿ 23 ಸಲ ಬಂದಿವೆ. ಅಷ್ಟರಲ್ಲಿ ಹೆಸರಿರುವ ಹೂ ಎರಡೇ. ಒಂದು ಗುಲಾಬಿ, ಅದೂ ಯಾರದೋ ಕೆನ್ನೆ. ಇನ್ನೊಂದು ಸೂರ್ಯಕಾಂತಿ, ಅದರ ವಿಷಯ ಆಮೇಲೆ ಹೇಳುತ್ತೇನೆ. ಉಳಿದ 21 ಹೂಗಳು ಯಾವ ಗಿಡದವು? ಎಷ್ಟು ಹೊತ್ತಿಗೆ ಅರಳಿದವು? ಬರೆದವರು ಒಂದನ್ನಾದರೂ ಬಗ್ಗಿ ನೋಡಿದ್ದರೇ?

ಜಗಳಕ್ಕೆ ಬಂದಿದ್ದೇನೆ ಅಂದುಕೊಳ್ಳಬೇಡಿ. ನಾನು ಕವಿಯಲ್ಲ, ವಿಮರ್ಶಕನಂತೂ ಅಲ್ಲವೇ ಅಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದವನು. 38 ವರ್ಷ ಅದೇ ಕೆಲಸ. ಕೈ ನಡುಗೋಕೆ ಶುರುವಾದ ಮೇಲೆ ಬಿಟ್ಟೆ. ಸಲಕರಣೆಗಳನ್ನೆಲ್ಲ ಕೊಟ್ಟುಬಿಟ್ಟೆ. ಉಳಿಸಿಕೊಂಡಿದ್ದು ಎರಡೇ: ಒಂದು ಚಿಮಟ, ಮತ್ತೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ನಾವು ಅದನ್ನು ಐ-ಗ್ಲಾಸ್ ಅಂತೀವಿ. ಅದು ಈಗಲೂ ಅಂಗಿ ಜೇಬಿನಲ್ಲೇ ಇರುತ್ತದೆ, ಅಭ್ಯಾಸ.

ತೋಟ ನನ್ನದಲ್ಲ, ಹೆಂಡತಿಯದು. ಬೀಜ ಹಾಕುವವಳು, ನೀರು ಹಾಕುವವಳು, ಬೈಯುತ್ತಾ ಕಳೆ ಕೀಳುವವಳು ಅವಳೇ. ನನ್ನ ಪಾಲಿಗೆ ತೋಟ ಎಂದರೆ ಬಾಗಿಲು ತೆಗೆದಾಗ ಕಾಣುವ ಬಣ್ಣ, ಅಷ್ಟೇ ಆಗಿತ್ತು. ಕೆಲಸ ಬಿಟ್ಟ ಮೇಲೆ ಬಂದ ಮೊದಲ ವಸಂತದಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಒಂಟಿ ಸುತ್ತಿನ ಚೆಂಡುಹೂವೊಂದರ ಮೇಲೆ ಇರುವೆ ಓಡಾಡುತ್ತಿತ್ತು. ಅದು ಎಲ್ಲಿಗೆ ಇಳಿಯುತ್ತಿದೆ ಅಂತ ನೋಡೋಣವೆಂದು ಐ-ಗ್ಲಾಸ್ ಹಾಕಿಕೊಂಡೆ.

ಇರುವೆ ಮರೆತೇಹೋಯಿತು.

ಚೆಂಡುಹೂವಿನ ನಡುವೆ ಇರುವುದು ಬರೀ ಹಳದಿ ಕುಚ್ಚು ಅಂದುಕೊಂಡಿದ್ದೆ. ಅಲ್ಲ. ಅಲ್ಲಿ ಸಣ್ಣ ಸಣ್ಣ ಕೊಳವೆಗಳು. ಒಂದೊಂದು ಕೊಳವೆಯ ಬಾಯಿಗೂ ಐದು ಹಲ್ಲು, ಸಣ್ಣ ಚಕ್ರಕ್ಕೆ ಕಡಿದ ಹಲ್ಲಿನ ಹಾಗೆ. ಕೆಲವು ಇನ್ನೂ ಮುಚ್ಚಿದ್ದವು. ಕೆಲವು ಆಗತಾನೇ ಬಾಯಿಬಿಟ್ಟಿದ್ದವು. ಕೆಲವದರ ಒಳಗಿಂದ ಹಾವಿನ ನಾಲಗೆಯಂತೆ ಸೀಳಿದ ಒಂದು ಎಳೆ ಹೊರಗೆ ಚಾಚಿತ್ತು. ಅಂದರೆ ಪ್ರತಿ ಕೊಳವೆಯೂ ಒಂದು ಪೂರ್ತಿ ಹೂವು. ಅಂಚಿನಲ್ಲಿರುವ ದಳಗಳೂ ದಳಗಳಲ್ಲ, ಒಂದೊಂದೂ ಒಂದೊಂದು ಹೂವು. ನಾವು ಒಂದು ಹೂ ಅಂತ ಕೀಳುವುದು ಒಂದು ಇಡೀ ಊರನ್ನು. ಚೆಂಡುಹೂವಿನ ಕಪ್ಪು ಸೂಜಿಯಂಥ ಬೀಜ ನೋಡಿದ್ದೀರಿ ಅಲ್ವಾ? ಅದು ಒಂದೊಂದು ಹೂವಿಗೆ ಒಂದೊಂದು. ಒಣಗಿದ ಹೂ ಮುರಿದಾಗ ಮುಷ್ಟಿ ತುಂಬ ಬೀಜ ಯಾಕೆ ಬರುತ್ತದೆ ಅಂತ ಅವತ್ತು ಗೊತ್ತಾಯಿತು.

ಗಡಿಯಾರದವನ ಕೈ ಸುಮ್ನಿರುತ್ತದೆಯೇ? ಒಂದು ಹೂ ಕಿತ್ತು, ಬಿಳಿ ಬಟ್ಟೆ ಹಾಸಿ, ಚಿಮಟದಿಂದ ಬಿಚ್ಚಲು ಕೂತೆ. ಎಂಟು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸಿದಳು. ಅಂಚಿನವು 8, ಒಳಗಿನವು 41. ಗಡಿಯಾರ ಬಿಚ್ಚಿದಾಗ ಇಡುವ ಹಾಗೆ ತೆಗೆದ ವರಸೆಯಲ್ಲೇ ಸಾಲಾಗಿ ಇಟ್ಟೆವು. ಹೆಂಡತಿ ನೀರಿನ ಪೈಪ್ ಹಿಡಿದುಕೊಂಡು ಬಂದವಳು ನಿಂತು ನೋಡಿದಳು. "ಚೆನ್ನಾಗಿದೆ ರೀ. ಈಗ ವಾಪಸ್ ಜೋಡಿಸಿ ನೋಡೋಣ" ಎಂದಳು.

38 ವರ್ಷದಲ್ಲಿ ಬಿಚ್ಚಿದ್ದನ್ನು ಜೋಡಿಸದೆ ಎದ್ದಿದ್ದು ಅದೇ ಮೊದಲು.

ಅಲ್ಲಿಂದಾಚೆಗೆ ಕೀಳುವುದನ್ನು ಬಿಟ್ಟೆ. ಗಿಡದಲ್ಲೇ ಇರುವಾಗ ನೋಡುತ್ತೇನೆ. ನೋಡಿದ್ದರಲ್ಲಿ ಒಂದನ್ನು ಹೇಳದೆ ಇರೋಕಾಗಲ್ಲ. ನಮ್ಮಲ್ಲಿ ಟೇಬಲ್ ರೋಸ್ ಇದೆ. ನೆಲಕ್ಕೆ ಅಂಟಿಕೊಂಡು ಹರಡುವ, ದಪ್ಪ ಸೂಜಿಯಂಥ ಎಲೆಯ ಗಿಡ. ಬಿಸಿಲೇರಿದ ಮೇಲೆ ಅರಳುತ್ತದೆ. ಹೂವಿನ ನಡುವೆ ಹಳದಿ ಕೇಸರಗಳ ಗುಂಪು. ಗಡಿಯಾರದ ಧೂಳು ಒರೆಸುವ ಬ್ರಷ್ ಇರುತ್ತದಲ್ಲ, ಅದರಿಂದ ಒಂದು ಕೂದಲು ಕಿತ್ತು, ಆ ಕೇಸರಗಳನ್ನು ಮೆಲ್ಲಗೆ ಸವರಿದೆ. ಅಷ್ಟೂ ಮೆಲ್ಲಗೆ ವಾಲಿದವು! ಗಾಳಿ ಇರಲಿಲ್ಲ, ನಾನು ಊದಿರಲಿಲ್ಲ. ತಾವಾಗಿಯೇ ವಾಲಿದವು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ನೆಟ್ಟಗೆ. ನಾನು ಮಾಡಿದ್ದು ಜೇನುನೊಣದ ಕೆಲಸ. ನೊಣ ಬಂದು ಕಾಲಾಡಿಸಿದರೆ ಕೇಸರ ಹೀಗೇ ಅಲುಗಿ ಅದರ ಮೈಗೆ ಪರಾಗ ಮೆತ್ತುತ್ತದೆ. ಮನೆ ಮುಂದೆ ಇಷ್ಟು ವರ್ಷ ಇದು ನಡೆಯುತ್ತಿತ್ತು. ನಾನು ಚಪ್ಪಲಿ ಹಾಕಿಕೊಂಡು ಅದರ ಪಕ್ಕದಲ್ಲೇ ಕೆಲಸಕ್ಕೆ ಓಡುತ್ತಿದ್ದೆ.

ಗಡಿಯಾರದವನಿಗೆ ಹೂವಿನ ಹುಚ್ಚು ಹಿಡಿದರೆ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಹೇಳಿ? ಹೂಗಡಿಯಾರಕ್ಕೆ. ಗಿಡಮರಗಳಿಗೆ ಎರಡೆರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1751ರಲ್ಲೇ ಇದನ್ನು ಹೇಳಿದ್ದ. ಯಾವ ಹೂ ಎಷ್ಟು ಗಂಟೆಗೆ ಅರಳುತ್ತದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಪಟ್ಟಿ ಮಾಡಿದ್ದ. ಆ ಪ್ರಕಾರ ಗಿಡ ನೆಟ್ಟರೆ ತೋಟ ನೋಡಿಯೇ ಗಂಟೆ ಹೇಳಬಹುದು ಎನ್ನುವುದು ಅವನ ಯೋಚನೆ. ಓದಿದ ತಕ್ಷಣ ನಾನೂ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಬೆಳಕು ಹರಿಯುವ ಹೊತ್ತಿಗೆ ಮಾರ್ನಿಂಗ್ ಗ್ಲೋರಿ. ಅದರ ಮೊಗ್ಗು ಸ್ಕ್ರೂ ಹಾಗೆ ತಿರುಚಿಕೊಂಡಿರುತ್ತದೆ, ಅರಳುವುದೆಂದರೆ ಆ ತಿರುಚು ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಮುದುಡಿ ಮುಗಿಯಿತು, ಮರುದಿನ ಬೇರೆ ಹೂ. ಒಂಬತ್ತೂವರೆ, ಹತ್ತಕ್ಕೆ ಟೇಬಲ್ ರೋಸ್. ಸಂಜೆಗೆ ಸಂಜೆಮಲ್ಲಿಗೆ. ಹತ್ತು ದಿನ ಬರೆದಿಟ್ಟೆ. ಸಂಜೆಮಲ್ಲಿಗೆ 4:40ರಿಂದ 5:25ರ ಒಳಗೆ ಅರಳಿತು. ಮುಕ್ಕಾಲು ಗಂಟೆ ಹೆಚ್ಚುಕಡಿಮೆ. ಇಂಥ ಗಡಿಯಾರ ಯಾರಾದರೂ ರಿಪೇರಿಗೆ ತಂದಿದ್ದರೆ, ಹೊಸದು ಕೊಂಡುಕೊಳ್ಳಿ ಅನ್ನುತ್ತಿದ್ದೆ. ಹನ್ನೊಂದನೇ ದಿನ ಮೋಡ ಮುಸುಕಿತು. ಟೇಬಲ್ ರೋಸ್ ಅರಳಲೇ ಇಲ್ಲ. ಹತ್ತಾಯಿತು, ಹನ್ನೊಂದಾಯಿತು, ಮೊಗ್ಗು ಬಾಯಿ ಬಿಡಲಿಲ್ಲ. ನನ್ನ ಗಡಿಯಾರ ನಿಂತೇಹೋಯಿತು.

ಇದಕ್ಕೂ ಲಿನೇಯಸ್ ಉತ್ತರ ಬರೆದಿಟ್ಟಿದ್ದಾನೆ. ಹೂಗಳಲ್ಲಿ ಮೂರು ಬಗೆ ಅಂತಾನೆ. ಹವೆ ನೋಡಿ ಅರಳುವವು ಒಂದು. ಹಗಲಿನ ಉದ್ದ ನೋಡಿ ಹೊತ್ತು ಬದಲಿಸುವವು ಇನ್ನೊಂದು. ಗಂಟೆ ತಪ್ಪದೆ ಅರಳುವವು ಮೂರನೆಯದು. ಗಡಿಯಾರಕ್ಕೆ ಬರುವುದು ಮೂರನೆಯದು ಮಾತ್ರ. ನಮ್ಮ ಟೇಬಲ್ ರೋಸ್ ಯಾವ ಜಾತಿ ಅಂತ ಬೇರೆ ಹೇಳಬೇಕಿಲ್ಲ. ಆದರೂ ನನಗೆ ಅದರ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಅವತ್ತೇ. ಮೋಡ ಇದೆ, ನೊಣ ಬರುವುದಿಲ್ಲ, ಸುಮ್ನೆ ಯಾಕೆ ತೆರೆಯಬೇಕು ಅಂತ ಅಂಗಡಿಯವನು ಅರ್ಧ ಬಾಗಿಲು ಎಳೆದುಕೊಂಡು ಕೂತ ಹಾಗಿತ್ತು.

ಗಿಡದ ಒಳಗೇ ಒಂದು ಗಡಿಯಾರ ಇದೆ ಎನ್ನುವುದಂತೂ ಸುಳ್ಳಲ್ಲ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬಾತ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕೇ ಬೀಳದಿದ್ದರೂ ಎಲೆಗಳು ಹಗಲಾದಾಗ ಬಿಚ್ಚಿಕೊಂಡವು, ರಾತ್ರಿಯಾದಾಗ ಮಡಚಿಕೊಂಡವು. ನಾನೂ ಮೊಮ್ಮಗಳೂ ಒಂದು ಕುಂಡವನ್ನು ಬಟ್ಟೆ ಬೀರುವಿನಲ್ಲಿ ಇಟ್ಟೆವು. ಯಾರ ಬೀರು ಅಂತ ಕೇಳಬೇಡಿ, ಆ ವಿಷಯ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಬೆಳಿಗ್ಗೆ ಎದ್ದು ಬೀರುವಿನ ಬಾಗಿಲು ಒಂದು ಬೆರಳಷ್ಟು ತೆಗೆದು ಇಣುಕಿದೆವು. ಎಲೆಗಳು ಬಿಚ್ಚಿಕೊಂಡಿದ್ದವು. ಕತ್ತಲೆಯಲ್ಲಿ, ಸೀರೆಗಳ ಮಧ್ಯೆ, ಅದಕ್ಕೆ ಬೆಳಗಾಗಿತ್ತು. ಮೊಮ್ಮಗಳು ಪಿಸುಗುಟ್ಟಿದಳು: "ತಾತ, ಇದಕ್ಕೆ ಯಾರು ಕೀ ಕೊಟ್ರು?"

ಈ ಮಾತನ್ನು ಆ 9 ಕವಿತೆಗಳ ಪಕ್ಕದಲ್ಲಿ ಇಟ್ಟು ನೋಡಿ ಅಂತ ಕೇಳುವುದು ಅಜ್ಜನ ಪಕ್ಷಪಾತ ಇರಬಹುದು. ಇರಲಿ.

ಈಗ ಸೂರ್ಯಕಾಂತಿಗೆ ಬರುತ್ತೇನೆ. ನಿಮ್ಮ ನಾಲ್ಕನೇ ಕವಿತೆಯಲ್ಲಿ ಪ್ರೇಮಿ ಸೂರ್ಯಕಾಂತಿಯ ಹಾಗೆ ಮುಪ್ಪಿನವರೆಗೂ ಅವಳತ್ತಲೇ ತಿರುಗುತ್ತಾ ಇರುತ್ತಾನೆ. ಸೂರ್ಯಕಾಂತಿ ಹಾಗೆ ಮಾಡುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮಾತ್ರ ಅದು ಸೂರ್ಯನ ಹಿಂದೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ. ರಾತ್ರಿ ಏನು ಮಾಡುತ್ತದೆ ಗೊತ್ತೇ? ಕತ್ತಲಲ್ಲೇ ಮೆಲ್ಲಗೆ ವಾಪಸ್ ತಿರುಗಿ, ಬೆಳಗಾಗುವ ಮೊದಲೇ ಪೂರ್ವಕ್ಕೆ ಮುಖ ಮಾಡಿ ಕಾಯುತ್ತದೆ. ದೊಡ್ಡದಾಗಿ ಅರಳಿ ಬಲಿತ ಮೇಲೆ ತಿರುಗಾಟ ನಿಲ್ಲಿಸುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. 2016ರಲ್ಲಿ ಇದನ್ನು ಅಳೆದು ನೋಡಿದ ವಿಜ್ಞಾನಿಗಳು ಇನ್ನೊಂದು ಸಂಗತಿ ಹೇಳಿದರು. ಪೂರ್ವಕ್ಕೆ ನಿಂತ ಹೂ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಆಗ ಜೇನುನೊಣಗಳು ಅಲ್ಲಿಗೇ ಜಾಸ್ತಿ ಬರುತ್ತವೆ. ಕುಂಡವನ್ನು ಪಶ್ಚಿಮಕ್ಕೆ ತಿರುಗಿಸಿ ಇಟ್ಟಾಗ ಅಷ್ಟು ಬರಲಿಲ್ಲ. ಈಗ ನೀವೇ ಹೇಳಿ. ಹಿಂದೆ ಹಿಂದೆ ಸುತ್ತುವ ಪ್ರೇಮಿ ಚೆನ್ನಾಗಿದ್ದಾನೋ, ರಾತ್ರಿಯೆಲ್ಲ ತಿರುಗಿ ಬಂದು ಬಾಗಿಲಲ್ಲಿ ಕಾಯುವವನೋ? ಕವಿಗೆ ಎರಡನೆಯವನು ಸಿಗುತ್ತಿದ್ದ, ಹೂವನ್ನು ನೋಡಿದ್ದರೆ.

ಹೂವಿನ ಬಗ್ಗೆ ಪತ್ರಿಕೆಗೆ ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು 1877ರದ್ದು. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಸ್ ಮುಲ್ಲರ್ ಎಂಬ ಜರ್ಮನ್ ವಿಜ್ಞಾನಿ ತನ್ನ ಸ್ನೇಹಿತನಿಗೆ ಬರೆದ ಕಾಗದ ಅದು. ಸ್ನೇಹಿತ ಅದನ್ನು ನೇಚರ್ ಪತ್ರಿಕೆಗೆ ಕಳಿಸಿದ. ಸ್ನೇಹಿತನ ಹೆಸರು ಚಾರ್ಲ್ಸ್ ಡಾರ್ವಿನ್. ಕಾಗದದಲ್ಲಿದ್ದ ಸುದ್ದಿ ಇಷ್ಟೇ: ಇಲ್ಲೊಂದು ಲಂಟಾನ ಇದೆ. ಅದರ ಹೂ ಮೂರು ದಿನ ಇರುತ್ತದೆ. ಮೊದಲ ದಿನ ಹಳದಿ, ಎರಡನೇ ದಿನ ಕಿತ್ತಳೆ, ಮೂರನೇ ದಿನ ನೇರಳೆ. ಚಿಟ್ಟೆಗಳು ಬರುತ್ತವೆ. ನಾನು ನೋಡಿದ ಮಟ್ಟಿಗೆ ನೇರಳೆ ಹೂವನ್ನು ಒಂದೂ ಮುಟ್ಟುವುದಿಲ್ಲ.

ಇದರಲ್ಲಿ ಸುಮ ಇಲ್ಲ, ಕುಸುಮ ಇಲ್ಲ, ಕೋಗಿಲೆಯಂತೂ ಇಲ್ಲ. ಓದಿದ ಮೇಲೆ ಎರಡು ದಿನ ನನಗೆ ಬೇರೆ ಯೋಚನೆ ಬರಲಿಲ್ಲ.

ಲಂಟಾನ ಒಳ್ಳೆಯ ಗಿಡ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಕಾಡಿಗೆ ನುಗ್ಗಿ ಬೇರೆ ಗಿಡಗಳನ್ನು ಬೆಳೆಯಗೊಡದ ಪೀಡೆ ಅದು. ನಮ್ಮ ಬೇಲಿಯಲ್ಲಿ ತಾನಾಗಿ ಹುಟ್ಟಿದ್ದು ಒಂದಿತ್ತು. ಹೆಂಡತಿ ಕೀಳುತ್ತೇನೆಂದು ಹೊರಟಿದ್ದಳು, ಒಂದು ವಾರ ತಡೆ ಎಂದೆ. ಸ್ಟೂಲ್ ಹಾಕಿಕೊಂಡು ಎದುರು ಕೂತೆ. ಗೊಂಚಲಿನ ಅಂಚಿನ ಹೂಗಳು ಮೊದಲು ಅರಳುತ್ತವೆ, ನಡುವಿನವು ಆಮೇಲೆ. ಹಾಗಾಗಿ ನಡುವೆ ಹಳದಿ, ಸುತ್ತ ಬಣ್ಣ ತಿರುಗಿದವು. ನಮ್ಮದರಲ್ಲಿ ಕೊನೆಯ ಬಣ್ಣ ನೇರಳೆಯಲ್ಲ, ಗುಲಾಬಿ. ಚಿಟ್ಟೆ ಬಂದು ಕೂರುವುದು ಅಂಚಿನ ಗುಲಾಬಿಯ ಮೇಲೆ, ನೀಳ ಕೊಳವೆಬಾಯಿ ಇಳಿಸುವುದು ನಡುವಿನ ಹಳದಿಗೆ. ಒಂದಲ್ಲ, ಎರಡಲ್ಲ, ಬಂದವೆಲ್ಲ ಹಾಗೇ ಮಾಡಿದವು.

ಹಾಗಾದರೆ ಹಳೇ ಹೂ ಉದುರದೆ ಯಾಕಿರಬೇಕು? ಅದಕ್ಕೂ ಮುಲ್ಲರ್ ಅದೇ ಕಾಗದದಲ್ಲಿ ಕಾರಣ ಊಹಿಸಿದ್ದ. ಹಳೆಯವು ಇದ್ದರೆ ಗೊಂಚಲು ದೊಡ್ಡದಾಗಿ ದೂರಕ್ಕೆ ಕಾಣುತ್ತದೆ. ಬಣ್ಣ ಬದಲಾದರೆ ಚಿಟ್ಟೆ ಹತ್ತಿರ ಬಂದ ಮೇಲೆ ಕೆಲಸ ಮುಗಿದ ಹೂವಿನಲ್ಲಿ ಹೊತ್ತು ಹಾಳು ಮಾಡುವುದಿಲ್ಲ. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, "ಅದೇ ಮತ್ತೆ. ಸುಮ್ನೆ ಕೂತಿದ್ರೂ ಮನೆ ತುಂಬಿದ ಹಾಗಿರುತ್ತೆ" ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಲಂಟಾನವನ್ನು ಮರುದಿನ ಕಿತ್ತಳು.

ಹೀಗೆಲ್ಲ ಬಿಚ್ಚಿ ನೋಡಿದರೆ ಹೂವಿನ ಸೊಗಸು ಹೋಗುವುದಿಲ್ಲವೇ ಅಂತ ಸ್ನೇಹಿತರೊಬ್ಬರು ಕೇಳಿದರು. ನಾನು ಬಿಚ್ಚಿ ನೋಡಿದ ಮೇಲೆ ಯಾವ ಗಡಿಯಾರವೂ ನನಗೆ ಸಪ್ಪೆಯಾಗಿಲ್ಲ. ಡಯಲ್ ಚೆನ್ನಾಗಿದೆ ಅಂತ ಮಾತ್ರ ಹೇಳಿ ವಾಪಸ್ ಕೊಡುವವರನ್ನು ಕಂಡರೆ ಮಾತ್ರ ಸ್ವಲ್ಪ ಬೇಜಾರು. ಬೋಗನ್‌ವಿಲ್ಲಾ ಗೊತ್ತಿದೆ ಅಲ್ವಾ, ಕಾಗದದ ಹೂ? ನಾವು ಹೂ ಅನ್ನುವ ಆ ಕೆಂಪು, ನೇರಳೆ ಎಲ್ಲ ಎಲೆಗಳು. ಹೂ ಒಳಗಿದೆ, ಬೆಂಕಿಕಡ್ಡಿಗಿಂತ ಚಿಕ್ಕದು, ತುದಿಯಲ್ಲಿ ಬಿಳಿ. ಇದು ಗೊತ್ತಾದ ದಿನದಿಂದ ನಾನು ಆ ಗಿಡದ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಗಿದೆ, ಕಡಿಮೆಯಾಗಿಲ್ಲ.

ಕನ್ನಡದಲ್ಲಿ ಹೂವಿನ ಹೆಸರಿಗೆ ಬರವೇ? ಕೋಳಿಜುಟ್ಟು ಅಂದವರು ಯಾರೋ, ಆ ಹೂವನ್ನು ಮುಟ್ಟಿ ನೋಡಿದವರೇ ಇರಬೇಕು. ಆ ದಪ್ಪ, ಆ ಮಡಿಕೆ, ಆ ಜಂಬ ಎಲ್ಲ ಆ ಹೆಸರಿನಲ್ಲಿದೆ. ಕರ್ಣಕುಂಡಲದ ಹೂ ದಂಟಿನ ಪಕ್ಕದಲ್ಲಿ ತೂಗುವುದನ್ನು ನೋಡಿ, ಹೆಸರು ಸರಿಯಾಗಿದೆಯೋ ಇಲ್ಲವೋ ಹೇಳಿ. ಗಂಟೆಹೂ, ಸೂಜಿಮಲ್ಲಿಗೆ, ದುಂಡುಮಲ್ಲಿಗೆ, ಕನಕಾಂಬರ, ನಂದಿಬಟ್ಟಲು. ಸುಮ್ನೆ ಸಾಲಾಗಿ ಬರೆದರೂ ಕಿವಿಗೆ ಹಿತ. ಮುಟ್ಟಿದರೆ ಮುನಿ ಎನ್ನುವಲ್ಲಿ ಗಿಡದ ಹೆಸರೂ ಇದೆ, ಸ್ವಭಾವವೂ ಇದೆ, ಒಂದು ಸಣ್ಣ ಕತೆಯೂ ಇದೆ. ಇಷ್ಟೆಲ್ಲ ಇಟ್ಟುಕೊಂಡು ಕುಸುಮ ಅಂತ ಬರೆದು ಮುಂದೆ ಹೋಗುವುದು ನನಗೆ ಅರ್ಥವಾಗುವುದಿಲ್ಲ. ಪ್ರಾಸಕ್ಕೆ ಬೇಕಿತ್ತು ಅನ್ನಬಹುದು. ಕನಕಾಂಬರಕ್ಕೆ ಪ್ರಾಸ ಸಿಗುವುದು ಕಷ್ಟ ಅಂತ ನನಗೂ ಗೊತ್ತು, ಪ್ರಯತ್ನ ಮಾಡಿದ್ದೇನೆ.

ನನ್ನದೊಂದು ಸಣ್ಣ ಕೋರಿಕೆ. ಮುಂದಿನ ವರ್ಷ ವಸಂತದ ಕವಿತೆ ಕರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಯಾವ ಹೂ, ಎಷ್ಟು ಹೊತ್ತಿಗೆ ನೋಡಿದಿರಿ, ತಿಳಿಸತಕ್ಕದ್ದು. ಕವಿತೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೂ ಸಾಕು. ದೊಡ್ಡ ತೋಟವೇ ಬೇಕೆಂದಿಲ್ಲ. ಕಿಟಕಿಯಲ್ಲಿ ಒಂದು ಕುಂಡ ಇದ್ದವರೂ ಬರೆಯಬಹುದು. ಕವಿತೆಗಳ ಸಂಖ್ಯೆ ಕಡಿಮೆ ಆದೀತು, ಆದರೆ ಓದುವಾಗ ನನ್ನಂಥವರು ಪೆನ್ಸಿಲ್ ಹಿಡಿಯುವುದಿಲ್ಲ.

ಮಾದರಿಗೆ ಅಂತಲ್ಲ, ಟೇಬಲ್ ರೋಸ್ ಮುಷ್ಕರ ಹೂಡಿದ ದಿನ ಮೊಮ್ಮಗಳು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹಾಕುವುದಾದರೆ ಹಾಕಿ, ಆದರೆ ತಿದ್ದಬೇಡಿ:

ಟೇಬಲ್ ರೋಸ್ ಇವತ್ತು ಅರಳಿಲ್ಲ.
ಮೋಡ ಇತ್ತು.
ತಾತ ನಾಲ್ಕು ಸಲ ಹೋಗಿ ನೋಡಿ ಬಂದ್ರು.
ಒಂದು ಸಲ ಛತ್ರಿ ತಗೊಂಡು.

ಇಂತಿ ತಮ್ಮ ಓದುಗ,
ಗಡಿಯಾರ ರಿಪೇರಿ ಬಿಟ್ಟವನು

ಮರೆತ ಮಾತು: ಪತ್ರವನ್ನು ಕವರಿಗೆ ಹಾಕುವ ಮುಂಚೆ ಮೊಮ್ಮಗಳು ಓದಿದಳು. ಚೆಂಡುಹೂವಿನ ಒಳಗಿದ್ದ ಹೂಗಳು 41 ಅಲ್ಲ, 43 ಅಂತಾಳೆ. ಎರಡು ಬಟ್ಟೆಯ ಮಡಿಕೆಯಲ್ಲಿ ಸೇರಿಕೊಂಡಿದ್ದವಂತೆ, ಅವಳು ಆಮೇಲೆ ಎತ್ತಿಟ್ಟಿದ್ದಳಂತೆ. ದಯವಿಟ್ಟು ತಿದ್ದಿಕೊಳ್ಳಿ.